ಉಂಬಳಿಯಿಂದ ಇಡಿಗಂಟಿನವರೆಗೆ: ಕಡೂರು–ತರೀಕೆರೆ ಸೀಮೆಯಲ್ಲಿ ಕೆಲಸ ಬಿಡುವುದರ ಚರಿತ್ರೆ

ಕಡೂರು ತಾಲ್ಲೂಕಿನ ದೇವನೂರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದೂ ಅವನ ಆರಾಧ್ಯದೈವ ಲಕ್ಷ್ಮೀಕಾಂತನ ದೇವಾಲಯವಿರುವ ಊರೆಂದೂ ಹೆಸರಾಗಿದೆ. ಈ ಸೀಮೆಯ ದುಡಿಮೆಯ ಚರಿತ್ರೆಯನ್ನು ಬರೆಯಲು ಹೊರಟವರು ಮಾತ್ರ ಬೇರೊಂದು ಸಂಗತಿಯತ್ತ ನೋಡಬೇಕಾಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಗ್ರಾಮಗಳು ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಎರಡು ಬಗೆಯ ನೌಕರಿಗಳ ನಡುವೆ ಬದುಕಿದವು. ಒಂದು, ಊರೊಳಗೆ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದ ಶಾನುಭೋಗಿಕೆ, ಪಟೇಲಿಕೆ, ತಳವಾರಿಕೆಗಳು. ಇನ್ನೊಂದು, ಭದ್ರಾವತಿಯ ಕಾರ್ಖಾನೆ, ಕೆಮ್ಮಣ್ಣುಗುಂಡಿ ಮತ್ತು ಕುದುರೆಮುಖದ ಗಣಿ, ಸರ್ಕಾರಿ ಕಚೇರಿ, ಬ್ಯಾಂಕುಗಳಲ್ಲಿ ದೊರೆತ ತಿಂಗಳ ಸಂಬಳದ ಕೆಲಸಗಳು. ಎರಡೂ ಲೋಕಗಳಲ್ಲಿ ಕೆಲಸ ಹೋಗುವ ಅಥವಾ ಕೆಲಸ ಬಿಡುವ ಹೊತ್ತು ಬಂದಾಗ ಎದ್ದ ಪ್ರಶ್ನೆ ಒಂದೇ: ಬಿಟ್ಟುಹೋಗುವವನಿಗೆ ಒಮ್ಮೆಗೇ ಏನು ಸಿಗಬೇಕು, ಬದುಕಿರುವವರೆಗೆ ಏನು ಸಿಗುತ್ತಿರಬೇಕು? ಮೊದಲನೆಯದರ ಬಗ್ಗೆ ಯಾವಾಗಲೂ ಜೋರಾದ ಚೌಕಾಸಿ ನಡೆಯಿತು. ಎರಡನೆಯದು ಬಹುಪಾಲು ಸಂದರ್ಭಗಳಲ್ಲಿ ಚೌಕಾಸಿಗೆ ಕೂತವರ ಕೈಗೆ ಎಟುಕದ ನಿಯಮಪುಸ್ತಕಗಳಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು.

ಹಳೆಯ ಮೈಸೂರು ಸೀಮೆಯ ಗ್ರಾಮದಲ್ಲಿ ಲೆಕ್ಕ ಬರೆಯುವ ಶಾನುಭೋಗ, ಕಂದಾಯ ಎತ್ತಿಸುವ ಪಟೇಲ, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ, ಊರು ಕಾಯುವ ತಳವಾರ, ತೋಟಿ ಇವರೆಲ್ಲರ ಕೆಲಸಕ್ಕೆ ಪ್ರತಿಫಲವಾಗಿ ಉಂಬಳಿ ಜಮೀನು ಇರುತ್ತಿತ್ತು. ಉಂಬಳಿಯೆಂದರೆ ಕೆಲಸ ಮಾಡುವ ಮನೆತನ ಉಣ್ಣಲೆಂದು ಪೂರ್ತಿ ಅಥವಾ ಭಾಗಶಃ ಕಂದಾಯ ಬಿಟ್ಟುಕೊಟ್ಟ ಭೂಮಿ. ಜೊತೆಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲೇ ಅಳೆದುಕೊಡುವ ಆಯದ ಪಾಲೂ ಸಲ್ಲುತ್ತಿತ್ತು. ಈ ವ್ಯವಸ್ಥೆಯಲ್ಲಿ ನಿವೃತ್ತಿಯೆಂಬ ಕಲ್ಪನೆಗೆ ಜಾಗವಿರಲಿಲ್ಲ, ಏಕೆಂದರೆ ತಂದೆಗೆ ಕೈಲಾಗದಿದ್ದರೆ ಮಗ ದುಡಿಯುತ್ತಿದ್ದ, ಜಮೀನು ಮನೆತನದಲ್ಲೇ ಉಳಿಯುತ್ತಿತ್ತು. ಮುದಿತನದ ಆಸರೆ ಕೆಲಸದೊಂದಿಗೇ ಹೆಣೆದುಕೊಂಡಿದ್ದುದರಿಂದ ಕೆಲಸ ಬದಲಿಸುವವನು ಆಸರೆಯನ್ನೂ ಬಿಟ್ಟೇ ಹೋಗಬೇಕಾಗಿತ್ತು. ಅಯ್ಯನಕೆರೆ, ಮದಗದಕೆರೆಗಳಂಥ ದೊಡ್ಡ ಕೆರೆಗಳಿರುವ ಕಡೂರು ತಾಲ್ಲೂಕಿನಲ್ಲಿ ನೀರುಗಂಟಿಯ ಕೆಲಸಕ್ಕೆ ಎಷ್ಟು ತೂಕವಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆ ಕೆಲಸ ಬಿಟ್ಟು ಪಟ್ಟಣಕ್ಕೆ ಹೋದವನಿಗೆ ಅವನು ಅಷ್ಟು ವರ್ಷ ಎತ್ತಿಳಿಸಿದ ತೂಬಿನ ಲೆಕ್ಕವನ್ನು ಬರೆದುಕೊಡುವವರು ಯಾರೂ ಇರಲಿಲ್ಲ.

1961ರ ಮೈಸೂರು ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳನ್ನೆಲ್ಲ ಒಂದೇ ದಿನ ಕೊನೆಗಾಣಿಸಿತು. ಶಾನುಭೋಗನ ಜಾಗಕ್ಕೆ ಸರ್ಕಾರ ನೇಮಿಸುವ, ವರ್ಗಾವಣೆಗೆ ಒಳಪಡುವ, ಸಂಬಳದ ಗ್ರಾಮಲೆಕ್ಕಿಗ ಬಂದ. ಕಾಯಿದೆಯನ್ನು ಪ್ರಶ್ನಿಸಿ ಶಾನುಭೋಗರು, ಪಟೇಲರು ನ್ಯಾಯಾಲಯದ ಮೆಟ್ಟಿಲು ಹತ್ತಿದರಾದರೂ 1966ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹುದ್ದೆಗೆ ಅಂಟಿಕೊಂಡಿದ್ದ ಜಮೀನು ಮೊದಲು ಸರ್ಕಾರದ ವಶಕ್ಕೆ ಸೇರಿ, ಆಮೇಲೆ ಅರ್ಜಿ ಹಾಕಿದ ಹಳೆಯ ಹುದ್ದೆದಾರನಿಗೆ ಮರುಮಂಜೂರಾಗುವ ಏರ್ಪಾಡನ್ನು ಕಾಯಿದೆ ಮಾಡಿತ್ತು. ಮಾಜಿ ಹುದ್ದೆದಾರನಿಗೆ ತಿಂಗಳ ಪಿಂಚಣಿ ಸಿಗಲಿಲ್ಲ. ಸಿಕ್ಕಿದ್ದು ಪೂರ್ಣ ಕಂದಾಯ ಕಟ್ಟಬೇಕಾದ ಜಮೀನು, ಅಂದರೆ ಒಂದು ಬಗೆಯ ಇಡಿಗಂಟು. ಇಡಿಗಂಟಿಗೆ ಒದಗುವ ಗತಿ ಈ ಜಮೀನಿಗೂ ಒದಗಿತು. ಸಾಲಕ್ಕೆ, ಮದುವೆಗೆ, ಕಾಯಿಲೆಗೆಂದು ತೋಟಿ, ತಳವಾರರ ಕುಟುಂಬಗಳ ಜಮೀನು ಅಗ್ಗದ ಬೆಲೆಗೆ ಕೈಬದಲಾಯಿಸತೊಡಗಿತು. 1978ರ ತಿದ್ದುಪಡಿಯ ಮೂಲಕ ಇಂಥ ಜಮೀನಿನ ಪರಭಾರೆಯನ್ನು, ಎಂದರೆ ಇತರರಿಗೆ ಮಾರುವುದನ್ನು, 15 ವರ್ಷ ನಿಷೇಧಿಸಿದಾಗ ಶಾಸನಸಭೆ ತಾನೇ ಕೊಟ್ಟ ಪರಿಹಾರದ ದೌರ್ಬಲ್ಯವನ್ನು ಒಪ್ಪಿಕೊಂಡಂತಾಯಿತು. ಅಷ್ಟು ಹೊತ್ತಿಗೆ ಹೋಗಬೇಕಾದ್ದರಲ್ಲಿ ಬಹಳಷ್ಟು ಹೋಗಿಯಾಗಿತ್ತು.

ಇದಕ್ಕೆ ಎದುರಾಗಿ ನಿಂತದ್ದು ಸರ್ಕಾರಿ ಪಿಂಚಣಿ. ರಾಜ್ಯ ಏಕೀಕರಣದ ನಂತರ 1958ರಲ್ಲಿ ರೂಪುಗೊಂಡ ಮೈಸೂರು ನಾಗರಿಕ ಸೇವಾ ನಿಯಮಗಳು ಗ್ರಾಮಲೆಕ್ಕಿಗನಿಗೂ ಮೇಷ್ಟರಿಗೂ ಗುಮಾಸ್ತನಿಗೂ ಒಂದೇ ತತ್ತ್ವವನ್ನು ಅನ್ವಯಿಸಿದವು: ಅರ್ಹತಾದಾಯಕ ಸೇವೆ, ಅಂದರೆ ಪಿಂಚಣಿಗೆ ಲೆಕ್ಕ ಹಿಡಿಯುವ ಸೇವೆಯ ವರ್ಷಗಳು ಹೆಚ್ಚಿದಷ್ಟೂ ಪಿಂಚಣಿ ಹೆಚ್ಚು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಿಂಚಣಿ ಮಾಲೀಕನ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಬಂದ ಹಕ್ಕು ಎಂದು ಸಾರಿತು. ಆದರೂ ಈ ಹಕ್ಕು ಒಂದು ಅರ್ಜಿಯ ಒಕ್ಕಣೆಯಿಂದ ಕರಗಿಹೋಗಬಹುದಾಗಿತ್ತು. ಸೇವಾ ನಿಯಮಗಳ ಪ್ರಕಾರ ರಾಜೀನಾಮೆ ಕೊಟ್ಟವನ ಹಿಂದಿನ ಸೇವೆಯೆಲ್ಲ ನಷ್ಟವಾಗುತ್ತದೆ. ನಿಗದಿತ ವರ್ಷಗಳನ್ನು ಪೂರೈಸಿ, ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಪಡೆದವನ ಸೇವೆ ಉಳಿಯುತ್ತದೆ. ಇಲಾಖೆಯ ಅನುಮತಿಯೊಂದಿಗೆ ಅರ್ಜಿ ಹಾಕಿ ಬೇರೊಂದು ಸರ್ಕಾರಿ ಹುದ್ದೆಗೆ ಸೇರುವವನು ಕೊಡುವ ತಾಂತ್ರಿಕ ರಾಜೀನಾಮೆಯಲ್ಲೂ ಸೇವೆ ಉಳಿಯುತ್ತದೆ. ಹಲವು ವರ್ಷ ದುಡಿದವನು ರಾಜೀನಾಮೆ ಎಂದು ಬರೆದುಕೊಟ್ಟು, ಆಮೇಲೆ ಅದನ್ನು ಸ್ವಯಂ ನಿವೃತ್ತಿಯೆಂದು ಪರಿಗಣಿಸಿರೆಂದು ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಡಿಸೆಂಬರ್‌ನಲ್ಲಿ ಎರಡೂ ಬೇರೆಬೇರೆಯೆಂದೇ ತೀರ್ಪು ಕೊಟ್ಟಿತು. ವಕೀಲರನ್ನಾಗಲಿ ಸಂಘದ ಪದಾಧಿಕಾರಿಯನ್ನಾಗಲಿ ಒಂದು ಮಾತು ಕೇಳದೆ, ಮೇಲಧಿಕಾರಿಯ ಮೇಲಿನ ಸಿಟ್ಟಿನಲ್ಲಿ ಬರೆದ ಎರಡು ಸಾಲು ಹೀಗೆ ಎಷ್ಟೋ ಸಂಸಾರಗಳಿಗೆ ದುಬಾರಿಯಾಗಿದೆ.

ಕಾರ್ಖಾನೆಯ ಲೋಕ ಹುಟ್ಟಿದ್ದು ತರೀಕೆರೆಯ ಮಗ್ಗುಲಲ್ಲೇ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಹಾಕಿದ ಮೇಲೆ, ಆ ಹಾದಿಯಲ್ಲಿದ್ದ ಬೆಂಕಿಪುರವೆಂಬ ಊರು ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಿಂದ ಭದ್ರಾವತಿಯಾಗಿ ಬೆಳೆಯಿತು. 1918ರಲ್ಲಿ ಆರಂಭವಾದ ಕೆಲಸ ಮುಗಿದು 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ಇಳಿಯಿತು. ಕಲ್ಲಿದ್ದಲಿನ ಬದಲು ಸುತ್ತಲಿನ ಕಾಡಿನ ಮರದ ಇದ್ದಲಿನಿಂದ ಕುಲುಮೆ ಉರಿಯಿತು. ಅದಿರು ಬಂದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ; ಬೆಟ್ಟದ ನೆತ್ತಿಯಿಂದ ರೋಪ್‌ವೇಯ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ರೈಲಿನಲ್ಲಿ ಅದು ಕಾರ್ಖಾನೆ ಸೇರುತ್ತಿತ್ತು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು, ಕಬ್ಬಿಣದ ಕಾರ್ಖಾನೆಯ ಅಂಗವಾಗಿ ಸಿಮೆಂಟು ಘಟಕವೂ ಆ ದಶಕದಲ್ಲೇ ಬಂತು.

ಕಬ್ಬಿಣದ ಕಾರ್ಖಾನೆ 1962ರವರೆಗೆ ಸರ್ಕಾರದ್ದೇ ಉದ್ಯಮವಾಗಿದ್ದು, ಆ ವರ್ಷ ಕಂಪನಿಯಾಗಿ ಮಾರ್ಪಟ್ಟಿತು. 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. 1989ರಲ್ಲಿ ಭಾರತ ಉಕ್ಕು ಪ್ರಾಧಿಕಾರದ, ಎಂದರೆ ಸೈಲ್‌ನ ಅಧೀನಕ್ಕೆ ಬಂದು 1998ರಲ್ಲಿ ಅದರೊಳಗೆ ವಿಲೀನವಾಯಿತು. ಹೆಸರುಪಲಕದ ಈ ಬದಲಾವಣೆಗಳು ಗೇಟಿನೊಳಗಿನ ದುಡಿಮೆಯನ್ನು ಅಷ್ಟಾಗಿ ಬದಲಿಸದಿದ್ದರೂ ವೃದ್ಧಾಪ್ಯದ ಲೆಕ್ಕವನ್ನು ಬದಲಿಸುವಂಥವು, ಏಕೆಂದರೆ ಸರ್ಕಾರಿ ಇಲಾಖೆಯ ನೌಕರನಿಗೆ ಪಿಂಚಣಿ, ಕಂಪನಿಯ ಕಾರ್ಮಿಕನಿಗೆ ಭವಿಷ್ಯ ನಿಧಿ ಎಂಬುದು ಸ್ವತಂತ್ರ ಭಾರತದ ರೂಢಿಯಾಯಿತು. ಭವಿಷ್ಯ ನಿಧಿ, ಜನರ ಮಾತಿನ ಪಿ.ಎಫ್., ಕಾರ್ಮಿಕನ ಮತ್ತು ಮಾಲೀಕನ ವಂತಿಗೆಗಳನ್ನು ಬಡ್ಡಿಯೊಂದಿಗೆ ಕೂಡಿಸಿ ಕೊನೆಗೆ ಒಮ್ಮೆಗೇ ಕೊಡುವ ಉಳಿತಾಯ. 1952ರ ಭವಿಷ್ಯ ನಿಧಿ ಕಾಯಿದೆ ಮೊದಲಿಗೆ ಅನ್ವಯವಾದದ್ದು ಆರು ಉದ್ದಿಮೆಗಳಿಗೆ ಮಾತ್ರ. ಅವುಗಳಲ್ಲಿ ಕಬ್ಬಿಣ-ಉಕ್ಕು, ಸಿಮೆಂಟು, ಕಾಗದ ಈ ಮೂರೂ ಭದ್ರಾವತಿ ಎಂಬ ಒಂದೇ ಊರಿನಲ್ಲಿದ್ದವು. 1972ರ ಗ್ರಾಚ್ಯುಟಿ ಕಾಯಿದೆ ಐದು ವರ್ಷ ಸತತವಾಗಿ ದುಡಿದವನಿಗೆ ವರ್ಷಕ್ಕೆ 15 ದಿನಗಳ ಸಂಬಳದಂತೆ, ತಿಂಗಳಿಗೆ 26 ದಿನ ಹಿಡಿದು, ಇನ್ನೊಂದು ಗಂಟನ್ನು ಸೇರಿಸಿತು. ಹೀಗೆ 1995ರವರೆಗೂ ಕಾರ್ಖಾನೆಯ ಕಾರ್ಮಿಕನಿಗೆ ಕಾನೂನು ಖಾತರಿಪಡಿಸಿದ್ದೆಲ್ಲ ಗಂಟುಗಳೇ. 1971ರ ಕುಟುಂಬ ಪಿಂಚಣಿ ಯೋಜನೆ ಸಹ ಮುಖ್ಯವಾಗಿ ಅವನು ಸತ್ತರೆ ಹೆಂಡತಿ ಮಕ್ಕಳಿಗಾಗಿ ಇದ್ದದ್ದು.

ಸ್ವಯಂ ನಿವೃತ್ತಿಯ ಯೋಜನೆಗಳು, ಜನರ ಮಾತಿನ ವಿ.ಆರ್.ಎಸ್., ಹುಟ್ಟಿದ್ದು ಮಾಲೀಕರ ಔದಾರ್ಯದಿಂದಲ್ಲ, ಕಾನೂನಿನ ಬಿಗಿಯಿಂದ. 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಸೇರಿಸಿದ ಅಧ್ಯಾಯದ ಪ್ರಕಾರ, ಸಿಬ್ಬಂದಿ ಕಡಿತ ಮಾಡುವವರು ಒಂದು ತಿಂಗಳ ನೋಟಿಸು ಕೊಟ್ಟು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ತೆರಬೇಕಾಗಿತ್ತು. 1976ರ ತಿದ್ದುಪಡಿಯಿಂದ ದೊಡ್ಡ ಕಾರ್ಖಾನೆಗಳು ಇದಕ್ಕೆ ಸರ್ಕಾರದ ಮುಂಗಡ ಅನುಮತಿಯನ್ನೂ ಪಡೆಯಬೇಕಾಯಿತು. ಮೊದಲು 300 ಕಾರ್ಮಿಕರಿದ್ದ ಕಡೆಗಳಿಗೆ ಇದ್ದ ಈ ನಿಯಮ 1980ರ ದಶಕದಲ್ಲಿ 100 ಕಾರ್ಮಿಕರ ಸ್ಥಾವರಗಳಿಗೂ ವಿಸ್ತರಿಸಿತು. ಅನುಮತಿ ಸುಲಭವಾಗಿ ಸಿಗುತ್ತಿರಲಿಲ್ಲ. ಆದರೆ ಅದೇ ಕಾಯಿದೆಯ ವ್ಯಾಖ್ಯೆಯಲ್ಲಿ, ಕಾರ್ಮಿಕನು ತಾನಾಗಿಯೇ ನಿವೃತ್ತನಾದರೆ ಅದು ಸಿಬ್ಬಂದಿ ಕಡಿತವಲ್ಲ ಎಂಬ ಒಂದು ಮಾತಿತ್ತು. ಆ ಕಿಂಡಿಯಲ್ಲೇ ಇಡೀ ವಿ.ಆರ್.ಎಸ್. ಯುಗ ಒಳಗೆ ಬಂತು. ಕಳುಹಿಸುವವನಿಗೆ ಅನುಮತಿ ಬೇಕಿಲ್ಲ, ಹೋಗುವವನ ಸಹಿ ಸಾಕು. ಹಾಗಾಗಿ ಆ ಸಹಿಗೆ ಬೆಲೆ ಬಂತು.

ಬೆಲೆ ಎಷ್ಟೆಂಬುದನ್ನು ಸಾರ್ವಜನಿಕ ವಲಯದ ಮಟ್ಟಿಗೆ 1988ರ ಅಕ್ಟೋಬರ್‌ನ ಕೇಂದ್ರ ಸುತ್ತೋಲೆ ನಿಗದಿ ಮಾಡಿತು. ಹತ್ತು ವರ್ಷ ಸೇವೆ ಅಥವಾ ನಲವತ್ತು ವರ್ಷ ವಯಸ್ಸು ಆದವರಿಗೆ, ಪೂರೈಸಿದ ಪ್ರತಿ ವರ್ಷಕ್ಕೆ 45 ದಿನಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಅಥವಾ ನಿವೃತ್ತಿಗೆ ಉಳಿದಿರುವ ತಿಂಗಳುಗಳ ಒಟ್ಟು ಸಂಬಳ, ಇವೆರಡರಲ್ಲಿ ಕಡಿಮೆಯಾದದ್ದು. 2000ದ ಮೇ ತಿಂಗಳಲ್ಲಿ ಗುಜರಾತ್ ಮಾದರಿಯೆಂಬ ಇನ್ನೊಂದು ಸೂತ್ರ ಬಂತು: ಸಂದ ಪ್ರತಿ ವರ್ಷಕ್ಕೆ 35 ದಿನ, ಉಳಿದ ಪ್ರತಿ ವರ್ಷಕ್ಕೆ 25 ದಿನ, ಒಟ್ಟು ಮೊತ್ತ ಮಾತ್ರ ಉಳಿದ ಅವಧಿಯ ಸಂಬಳವನ್ನು ಮೀರುವಂತಿಲ್ಲ. ಈ ಎರಡು ಸೂತ್ರಗಳ ನಡುವಿನ ವ್ಯತ್ಯಾಸ ಲೆಕ್ಕ ಹಾಕಿದಾಗಲೇ ಕಾಣುತ್ತದೆ. ತಿಂಗಳಿಗೆ 12,000 ರೂಪಾಯಿ ಮೂಲವೇತನ ಮತ್ತು ತುಟ್ಟಿಭತ್ಯೆ ಇರುವ, 22 ವರ್ಷ ದುಡಿದು 8 ವರ್ಷ ಉಳಿದಿರುವ ಕಾರ್ಮಿಕನನ್ನು ಕಲ್ಪಿಸಿಕೊಂಡು ತಿಂಗಳಿಗೆ 30 ದಿನ ಹಿಡಿದರೆ, ಹಳೆಯ ಸೂತ್ರದಲ್ಲಿ ಅವನಿಗೆ 33 ತಿಂಗಳ ಸಂಬಳ, ಅಂದರೆ 3,96,000 ರೂಪಾಯಿ; ಹೊಸದರಲ್ಲಿ 970 ದಿನಗಳಿಗೆ 3,88,000 ರೂಪಾಯಿ. ಹೆಚ್ಚು ಕಡಿಮೆ ಒಂದೇ. ಆದರೆ ಅದೇ ಸಂಬಳದ, 12 ವರ್ಷ ಮಾತ್ರ ದುಡಿದು 20 ವರ್ಷ ಉಳಿದಿರುವ ಕಿರಿಯನಿಗೆ ಹಳೆಯ ಸೂತ್ರ 2,16,000 ಕೊಟ್ಟರೆ ಹೊಸದು 3,68,000 ಕೊಡುತ್ತದೆ. ಗುಜರಾತ್ ಮಾದರಿ ಆಕರ್ಷಿಸಿದ್ದು ಕಿರಿಯರನ್ನು, ಎಂದರೆ ಪಿಂಚಣಿಗೆ ಬೇಕಾದ ಸೇವೆಯ ವರ್ಷಗಳು ಯಾರ ಖಾತೆಯಲ್ಲಿ ಎಲ್ಲರಿಗಿಂತ ಕಡಿಮೆ ಜಮೆಯಾಗಿದ್ದವೋ ಅವರನ್ನು. ಆದಾಯ ತೆರಿಗೆಯೂ ಇದೇ ದಿಕ್ಕಿಗೆ ತಳ್ಳಿತು: ಸ್ವಯಂ ನಿವೃತ್ತಿಯ ಪರಿಹಾರದಲ್ಲಿ 5 ಲಕ್ಷ ರೂಪಾಯಿವರೆಗೆ ತೆರಿಗೆ ಇಲ್ಲ, ಆದರೆ ಬಿಟ್ಟುಹೋದವನು ಅದೇ ಆಡಳಿತದ ಇನ್ನೊಂದು ಸಂಸ್ಥೆಗೆ ಸೇರುವಂತಿಲ್ಲ, ತೆರವಾದ ಜಾಗವನ್ನು ತುಂಬುವಂತಿಲ್ಲ ಎಂಬ ಷರತ್ತಿನೊಂದಿಗೆ.

ಇಷ್ಟಾದರೂ ಸಂಧಾನದ ಮೇಜಿನ ಮೇಲೆ ಇದ್ದದ್ದು ದಿನಗಳ ಸಂಖ್ಯೆ ಮಾತ್ರ. ಕಾರ್ಮಿಕ ಸಂಘಗಳು 45ರ ಬದಲು 60 ದಿನ ಕೇಳುತ್ತಿದ್ದವು, ವೇತನ ಪರಿಷ್ಕರಣೆಯ ಹಿಂಬಾಕಿ ಕೇಳುತ್ತಿದ್ದವು; ನೌಕರರ ಪಿಂಚಣಿ ಯೋಜನೆಯ ಲೆಕ್ಕ ದೆಹಲಿಯ ಅಧಿಸೂಚನೆಗೆ ಸೇರಿದ್ದಾದ್ದರಿಂದ ಅದನ್ನು ಯಾವ ಕಂಪನಿಯ ಆಡಳಿತವೂ ಬದಲಿಸುವಂತಿರಲಿಲ್ಲ. 1995ರ ನವೆಂಬರ್ 16ರಂದು ಜಾರಿಯಾದ ಈ ಯೋಜನೆ ಮಾಲೀಕನ ವಂತಿಗೆಯಿಂದ ಸಂಬಳದ ಶೇ. 8.33ರಷ್ಟನ್ನು ಪಿಂಚಣಿ ನಿಧಿಗೆ ತಿರುಗಿಸಿತು. ಪಿಂಚಣಿಯೆಂದರೆ, ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವ ಮೊತ್ತ. ಸಂಬಳಕ್ಕೆ ಮಿತಿಯಿತ್ತು, 2001ರ ಜೂನ್‌ನಿಂದ 6,500 ರೂಪಾಯಿ, 2014ರ ಸೆಪ್ಟೆಂಬರ್‌ನಿಂದ 15,000 ರೂಪಾಯಿ. ಕಾರ್ಮಿಕನ ನಿಜವಾದ ಸಂಬಳ 12,000 ಇದ್ದರೂ, ಯೋಜನೆ ಶುರುವಾದ ಮೇಲೆ ಸೇರಿ 12 ವರ್ಷ ದುಡಿದು 2007ರ ಕೊನೆಗೆ ಬಿಟ್ಟವನ ಪಿಂಚಣಿ 6,500ರ ಮೇಲೆ ಲೆಕ್ಕವಾಗಿ ತಿಂಗಳಿಗೆ ಸುಮಾರು 1,114 ರೂಪಾಯಿ ಬರುತ್ತಿತ್ತು, ಅದೂ 58 ತುಂಬಿದ ಮೇಲೆ. ಐವತ್ತಕ್ಕೇ ಬೇಕೆಂದರೆ ಕೊರತೆಯಾದ ಪ್ರತಿ ವರ್ಷಕ್ಕೆ ಆಗಿನ ನಿಯಮದಂತೆ ಶೇ. 3 ಕಡಿತವಾಗಿ 847ಕ್ಕೆ ಇಳಿಯುತ್ತಿತ್ತು. 2008ರಲ್ಲಿ ಈ ಕಡಿತ ಶೇ. 4 ಆಯಿತು. ಹತ್ತು ವರ್ಷ ಪೂರೈಸದವನು ಪಿಂಚಣಿ ಭಾಗವನ್ನು ಹಿಂಪಡೆದು ಹೋಗಬಹುದಾಗಿತ್ತು, ಅಥವಾ ಸ್ಕೀಮ್ ಸರ್ಟಿಫಿಕೇಟ್ ಪಡೆದು ಮುಂದಿನ ಕೆಲಸದ ಸೇವೆಗೆ ಜೋಡಿಸಬಹುದಾಗಿತ್ತು. ವೃತ್ತಿ ಬದಲಿಸುವವನ ಪಿಂಚಣಿಯನ್ನು ಕಾಪಾಡುವ ಕಾಗದವೆಂದರೆ ಈ ಪ್ರಮಾಣಪತ್ರವೇ. ಕೈಗೆ ಬಂದ ಸಣ್ಣ ಮೊತ್ತದ ಮುಂದೆ ಅದಕ್ಕೆ ಬೆಲೆ ಕೊಟ್ಟವರು ಕಡಿಮೆ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಈ ಲೆಕ್ಕಗಳೆಲ್ಲ ಒಮ್ಮೆಗೇ ಜೀವ ಪಡೆದದ್ದು ಕುದುರೆಮುಖದಲ್ಲಿ. ಇರಾನಿನ ಶಹಾನ ಸರ್ಕಾರ 63 ಕೋಟಿ ಡಾಲರ್ ಸಾಲದ ಭರವಸೆ ಕೊಟ್ಟ ಬಳಿಕ 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. 1979ರ ಕ್ರಾಂತಿಯಿಂದ ಕೊಳ್ಳುವವನೇ ಇಲ್ಲದಂತಾದರೂ ಗಣಿ 1980ರಲ್ಲಿ ಶುರುವಾಗಿ, ಅರೆದ ಅದಿರು ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರು ಸೇರತೊಡಗಿತು. ಮೂವತ್ತು ವರ್ಷಗಳ ಗುತ್ತಿಗೆ 1999ರ ಜುಲೈಗೆ ಮುಗಿದಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಉದ್ಯಾನದೊಳಗಿನ ಗಣಿಗಾರಿಕೆ 2005ರ ಕೊನೆಗೆ ನಿಲ್ಲಬೇಕೆಂದಿತು, 2005ರ ಡಿಸೆಂಬರ್ 31ಕ್ಕೆ ಅದು ನಿಂತಿತು. ಕೆಲವರು ಮಂಗಳೂರಿನ ಉಂಡೆ ಅದಿರಿನ ಘಟಕಕ್ಕೆ ವರ್ಗವಾದರು, ಕೆಲವರು ಸ್ವಯಂ ನಿವೃತ್ತಿ ಪಡೆದರು. ಪರಿಸರದ ದೃಷ್ಟಿಯಿಂದ ಆ ತೀರ್ಪು ಸರಿಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮನೆ, ಶಾಲೆ, ಆಸ್ಪತ್ರೆಗಳೆಲ್ಲ ಕಂಪನಿಯದ್ದೇ ಆಗಿದ್ದ ಊರಿನಲ್ಲಿ, ಸಹಿ ಹಾಕದವನು ಉಳಿಯಲು ಊರೇ ಇಲ್ಲವೆಂದಾದಾಗ, ಅಲ್ಲಿಯ ನಿವೃತ್ತಿಯನ್ನು ಸ್ವಯಂ ಎಂದು ಕರೆಯುವುದು ಕಾನೂನಿನ ಮಾತೇ ಹೊರತು ಬದುಕಿನ ಮಾತಲ್ಲ.

ಬ್ಯಾಂಕುಗಳ ಕಥೆ ಇದಕ್ಕಿಂತ ಭಿನ್ನ, ಏಕೆಂದರೆ ಬ್ಯಾಂಕ್ ನೌಕರರಿಗೆ 1993ರ ಒಪ್ಪಂದದ ಫಲವಾಗಿ ನಿಜವಾದ ಪಿಂಚಣಿ ಬಂದಿತ್ತು. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳನ್ನು ಹುಟ್ಟಿಸಿದ ಕರ್ನಾಟಕದಲ್ಲಿ 2000–01ರ ಬ್ಯಾಂಕ್ ವಿ.ಆರ್.ಎಸ್. ದೊಡ್ಡ ಸುದ್ದಿಯಾಯಿತು; ವರ್ಷಕ್ಕೆ 60 ದಿನಗಳ ಸಂಬಳದ ಆ ಯೋಜನೆಯಲ್ಲಿ ದೇಶದಾದ್ಯಂತ ಸುಮಾರು ಒಂದು ಲಕ್ಷ ಮಂದಿ ಹೊರನಡೆದರು. ಅರ್ಜಿ ಕೊಟ್ಟು ಮನಸ್ಸು ಬದಲಿಸಿದವರ ಪ್ರಕರಣದಲ್ಲಿ 2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಯೋಜನೆಯ ಪ್ರಕಟಣೆ ಬರೀ ಆಹ್ವಾನ, ನೌಕರನ ಅರ್ಜಿಯೇ ಪ್ರಸ್ತಾವ, ಒಪ್ಪಿಗೆ ಬರುವ ಮೊದಲು ಅದನ್ನು ಹಿಂತೆಗೆದುಕೊಳ್ಳಬಹುದು ಎಂಬ ನಿಲುವು ತಳೆಯಿತು. ಪಿಂಚಣಿಯ ಮಟ್ಟಿಗೆ ಇನ್ನೂ ಮಹತ್ವದ ತೀರ್ಪು 2009ರ ಮಾರ್ಚ್‌ನದು. ಇಪ್ಪತ್ತು ವರ್ಷ ಪೂರೈಸಿ ಸ್ವಯಂ ನಿವೃತ್ತರಾದವರ ಸೇವೆಗೆ ಐದು ವರ್ಷಗಳವರೆಗೆ ಕೂಡಿಸಿ ಪಿಂಚಣಿ ಲೆಕ್ಕ ಹಾಕಬೇಕೆಂದು 1995ರ ಬ್ಯಾಂಕ್ ಪಿಂಚಣಿ ನಿಯಮ ಹೇಳಿತ್ತು, ವಿ.ಆರ್.ಎಸ್. ಯೋಜನೆ ಬೇರೆಯದಾದ್ದರಿಂದ ಅದು ಸಲ್ಲದೆಂದು ಬ್ಯಾಂಕುಗಳು ವಾದಿಸಿದವು. ಸಲ್ಲುತ್ತದೆಂದು ಕೋರ್ಟು ಹೇಳಿತು. ಎಂಟು ವರ್ಷ ಕಾದದ್ದಕ್ಕೆ ಸಿಕ್ಕ ಈ ಐದು ವರ್ಷಗಳು ಸಂಧಾನದ ಮೇಜಿನಲ್ಲಿ ಗೆದ್ದದ್ದಲ್ಲ, ನಿಯಮಪುಸ್ತಕದಲ್ಲಿ ಅಚ್ಚಾಗಿಯೇ ಇದ್ದು ಯಾರೂ ಕೊಡದೆ ಉಳಿಸಿಕೊಂಡಿದ್ದದ್ದು. ಇದರ ಎದುರಿಗೆ 2003ರ ಎ.ಕೆ. ಬಿಂದಾಲ್ ತೀರ್ಪನ್ನು ಇಡಬೇಕು: ವಿ.ಆರ್.ಎಸ್. ಹಣ ಪಡೆದವನಿಗೂ ಸಂಸ್ಥೆಗೂ ಇದ್ದ ಸಂಬಂಧ ಅಲ್ಲಿಗೇ ಮುಗಿಯುತ್ತದೆ, ಆಮೇಲೆ ಹಿಂದಿನ ಅವಧಿಯ ವೇತನ ಪರಿಷ್ಕರಣೆ ಕೇಳುವಂತಿಲ್ಲ. ಹಿಂಬಾಕಿಯ ಮಾತು ಸಹಿಗೆ ಮೊದಲೇ ಕಾಗದದ ಮೇಲೆ ಬರಬೇಕೆಂಬುದನ್ನು ಕಾರ್ಮಿಕ ಸಂಘಗಳು ಕಲಿತದ್ದು ಇಲ್ಲಿಂದ. 2016ರ ಜನವರಿಯಲ್ಲಿ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನವಾದಾಗ, ಹಳೆಯ ವೇತನ ಶ್ರೇಣಿಯಲ್ಲೇ ಉಳಿದಿದ್ದ ನೌಕರರಿಗೆ 2007ರ ಶ್ರೇಣಿಯನ್ನು ಲೆಕ್ಕಕ್ಕೆ ಮಾತ್ರ ಅನ್ವಯಿಸಿ ಪರಿಹಾರ ಕೊಟ್ಟದ್ದು ಆ ದೃಷ್ಟಿಯಿಂದ ಗಮನಾರ್ಹ.

ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು, ಅಲ್ಲಿಯ ಕಾಯಂ ನೌಕರರಿಗೂ ಸ್ವಯಂ ನಿವೃತ್ತಿಯ ದಾರಿಯೇ ತೆರೆಯಿತು. ಉಕ್ಕಿನ ಕಾರ್ಖಾನೆಯನ್ನು ಮಾರಲು 2019ರಲ್ಲಿ ಆಸಕ್ತರನ್ನು ಆಹ್ವಾನಿಸಿ, ಕೊಳ್ಳುವವರಿಲ್ಲದೆ 2022ರಲ್ಲಿ ಆ ಯತ್ನ ಕೈಬಿಟ್ಟು, 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗೇಟಿನ ಮುಂದೆ ಧರಣಿ ಕೂತವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು. ಅದೇ ವರ್ಷ ಆಗಸ್ಟ್‌ನಲ್ಲಿ ಉರುಳುಗಿರಣಿ ಮತ್ತೆ ತಿರುಗಿತು. ಸ್ವಯಂ ನಿವೃತ್ತಿಯ ಯಾವ ಸೂತ್ರವೂ, 45 ದಿನವಾಗಲಿ 35 ದಿನವಾಗಲಿ, ಗುತ್ತಿಗೆ ಕಾರ್ಮಿಕನಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಕಾಗದದ ಮೇಲೆ ಅವನು ಕಾರ್ಖಾನೆಯ ನೌಕರನೇ ಅಲ್ಲ. ಹದಿನೈದು ವರ್ಷ ಒಂದೇ ಗೇಟಿನಲ್ಲಿ ಹೊಕ್ಕು ಹೊರಟರೂ, ಟೆಂಡರು ಬದಲಾದಂತೆ ಗುತ್ತಿಗೆದಾರ ಬದಲಾಗಿ, ಪ್ರತಿ ಗುತ್ತಿಗೆದಾರನಿಗೂ ಒಂದೊಂದು ಪಿ.ಎಫ್. ಖಾತೆ ಸಂಖ್ಯೆ ಹುಟ್ಟುತ್ತಿದ್ದ ಕಾಲದಲ್ಲಿ ಅವನ ಸೇವೆ ತುಂಡು ತುಂಡಾಗಿ ಚದುರಿತು. 2014ರಲ್ಲಿ ಬಂದ ಯು.ಎ.ಎನ್., ಅಂದರೆ ಜೀವಮಾನಕ್ಕೆಲ್ಲ ಒಂದೇ ಎಂಬ ಸಾರ್ವತ್ರಿಕ ಖಾತೆ ಸಂಖ್ಯೆ, ಈ ತುಂಡುಗಳನ್ನು ಜೋಡಿಸಲು ಅವಕಾಶ ಕೊಟ್ಟಿತು. ಹಳೆಯ ಖಾತೆಗಳಲ್ಲಿ ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ, ಬಿಟ್ಟ ದಿನಾಂಕ ಒಂದಕ್ಕೊಂದು ತಾಳೆಯಾದವರಿಗೆ ಮಾತ್ರ ಹತ್ತು ವರ್ಷದ ಲೆಕ್ಕ ಪೂರ್ತಿಯಾಗಿ, 2014ರ ಸೆಪ್ಟೆಂಬರ್‌ನಿಂದ ಕನಿಷ್ಠ 1,000 ರೂಪಾಯಿಯೆಂದು ನಿಗದಿಯಾದ ತಿಂಗಳ ಪಿಂಚಣಿಗೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ.